ಮೀನುಹೊಂಡಗಳ ಡೇಟಾ ಶಾಶ್ವತವಾಗಿ ಇಡೋದು ಹೇಗೆ?

ತುಂಗಾತೀರ:
ತೀರ್ಥಹಳ್ಳಿ, ಹೊಸನಗರ ಕಡೆಯ 12 ರೈತರ ಹೊಂಡಗಳ ಅಳತೆ ಎಕ್ಸೆಲ್‌ನಲ್ಲಿದೆ: ಕಾಟ್ಲಾ, ರೋಹು ತೂಕ, ಪಿಎಚ್, ಕರಗಿದ ಆಮ್ಲಜನಕ, ಅಮೋನಿಯಾ. ಬೇರೆಯವರೂ ಬಳಸಬೇಕು. ಝೆನೊಡೊಗೆ (ಸಂಶೋಧನಾ ಡೇಟಾ ಇಡುವ ಉಚಿತ ಜಾಲತಾಣ) ಹಾಗೇ ಹಾಕಿದರೆ ಸಾಕಾ?

ಕೆಸರುಗದ್ದೆ:
ಸಾಲದು ಸರ್. ಮೊದಲು ಯುಟಿಎಫ್-8 ಸಿಎಸ್‌ವಿ ಮಾಡಿ, ಅಂದರೆ ಯಾವ ತಂತ್ರಾಂಶದಲ್ಲೂ ತೆರೆಯುವ, ಕನ್ನಡ ಅಕ್ಷರವೂ ಕೆಡದ ಸರಳ ಪಠ್ಯ ಕೋಷ್ಟಕ. ದಿನಾಂಕ 2023-06-05 ಅಂತಲೇ ಇರಲಿ. 05/06 ಅಂದರೆ ಜೂನೋ ಮೇಯೋ ಯಾರಿಗೂ ತಿಳಿಯಲ್ಲ. ಅಳೆಯದ ದಿನದ ಕೋಶಕ್ಕೆ ಸೊನ್ನೆ ತುಂಬಬೇಡಿ, ಖಾಲಿ ಬಿಡಿ. ಆಮ್ಲಜನಕಕ್ಕೆ ಗಂಟೆ ಬೇಕೇ ಬೇಕು: ಬೆಳಗಿನ ಜಾವ ಅತಿ ಕಡಿಮೆ, ಮಧ್ಯಾಹ್ನ ಪಾಚಿಯಿಂದಾಗಿ ಹೆಚ್ಚು.

ಅಮೋನಿಯಾ ಕಾಲಮ್ ದೊಡ್ಡ ತಲೆನೋವು. ನೀರು ಪರೀಕ್ಷೆಯ ಕಿಟ್ ಕೊಡೋದು ಸಾಮಾನ್ಯವಾಗಿ ಒಟ್ಟು ಅಮೋನಿಯಾ. ಅದರಲ್ಲಿ ಮೀನಿಗೆ ವಿಷವಾಗುವ ಭಾಗ 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಶೇ. 0.6ರಷ್ಟು, ಪಿಎಚ್ 9 ಇದ್ದರೆ ಶೇ. 36ರಷ್ಟು. ಅದೇ ಹೊತ್ತಿನ ಪಿಎಚ್, ಉಷ್ಣತೆ ಪಕ್ಕದಲ್ಲಿಲ್ಲದಿದ್ದರೆ ಆ ಸಂಖ್ಯೆ ದಂಡ. ನಮ್ಮ ಕಡೆ ಜಂಬಿಟ್ಟಿಗೆ ಮಣ್ಣು, ಹುಳಿ ಜಾಸ್ತಿ. ಸುಣ್ಣ ಹಾಕಿದ ದಿನ, ಪ್ರಮಾಣ, ಕ್ಷಾರತೆಯನ್ನೂ ಸೇರಿಸಿ.

ಮಲೆಮೀನು:
ರೈತರ ಲಿಖಿತ ಒಪ್ಪಿಗೆ ಇದೆಯಾ? ಹೆಸರು ತೆಗೆದು ಹೊಂಡಕ್ಕೆ ಸಂಕೇತ ಕೊಡಿ. ಜಿಪಿಎಸ್ ಎರಡೇ ದಶಮಾಂಶಕ್ಕೆ ಇಳಿಸಿ, ಸುಮಾರು 1 ಕಿ.ಮೀ. ಮಸುಕಾಗುತ್ತೆ. ಒಂಟಿ ಮನೆಗಳ ಊರಲ್ಲಿ ಅದೂ ಸಾಲದು, ತಾಲ್ಲೂಕಷ್ಟೇ ಬರೆಯಿರಿ.

ಲೈಸೆನ್ಸ್ ಸಿಸಿ ಬೈ 4.0 ಆದರೆ ಯಾರೂ ಬಳಸಬಹುದು, ಹೆಸರು ಹೇಳಲೇಬೇಕು. ಲೇಖನ ಬಾಕಿಯಿದ್ದರೆ ಫೈಲ್‌ಗೆ ತಡೆ ಅವಧಿ ಹಾಕಿ, ಅಲ್ಲಿವರೆಗೆ ಅದು ಬೇರೆಯವರಿಗೆ ತೆರೆಯಲ್ಲ. ಡಿಒಐ (ಡೇಟಾದ ಶಾಶ್ವತ ಗುರುತಿನ ಸಂಖ್ಯೆ) ಈಗಲೇ ಸಿಗುತ್ತೆ.

ತುಂಗಾತೀರ:
ಕ್ಷಾರತೆ ಬೇರೆ ನೋಟ್‌ಬುಕ್‌ನಲ್ಲಿದೆ, ಸೇರಿಸ್ತೀನಿ.

ಕೆಸರುಗದ್ದೆ:
ಆ ಪುಟಗಳನ್ನೂ ಸ್ಕ್ಯಾನ್ ಮಾಡಿಡಿ. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದರೆ ಪೆನ್ಸಿಲ್ ಬರಹವೂ ಓದಕ್ಕಾಗಲ್ಲ.