ಹಸಿರುನೀಲಿಯೋ, ನೀಲಿಹಸಿರೋ?

ನಮಸ್ಕಾರ. ಕಲಬುರಗಿಯ ನಮ್ಮ ಮನೆಯಲ್ಲಿ ಒಂದು ಖೋಲಿಗೆ ಬಣ್ಣ ಹಚ್ಚಿಸಬೇಕಿದೆ. ಶೇಡ್ ಕಾರ್ಡಿನಲ್ಲಿ ಕೊನೆಗೆ ಎರಡು ಬಣ್ಣ ಉಳಿದಿವೆ. ಒಂದು ಅಪ್ಪಟ ನೀಲಿ, ಅದರ ಬಗ್ಗೆ ತಕರಾರಿಲ್ಲ. ಇನ್ನೊಂದಕ್ಕೆ ಏನನ್ನಬೇಕು ಅನ್ನೋದೇ ಜಗಳ.

ನಾನು ‘ಹಸಿರುನೀಲಿ’ ಅಂದೆ. ನಮ್ಮ ಮನೆಯವರು ‘ನೀಲಿಹಸಿರು’ ಅಂದರು. ಎರಡೂ ಒಂದೇ ಅಲ್ವಾ ಅಂತಾಳೆ ಮಗಳು. ನನಗೆ ಹಾಗೆ ಅನಿಸುವುದಿಲ್ಲ. ಎಳೆಹಸಿರು ಹಸಿರೇ, ಕಡುನೀಲಿ ನೀಲಿಯೇ. ತೂಕವೆಲ್ಲ ಕೊನೆಯ ಪದದ್ದು. ಹಾಗಾದರೆ ಹಸಿರುನೀಲಿ ಅಂದರೆ ಸ್ವಲ್ಪ ಹಸಿರು ಬೆರೆತ ನೀಲಿ ಅಂತ ತಾನೇ ಆಗಬೇಕು? ಆದರೆ ‘ಕಪ್ಪುಬಿಳುಪು’ ಅಂದಾಗ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಎರಡೂ ಬೇರೆ ಬೇರೆಯಾಗಿಯೇ ಇರುತ್ತವೆ. ಪೇಂಟರ್ ಹಾಗೆ ತಿಳಿದು ಗೋಡೆಗೆ ಪಟ್ಟೆ ಹೊಡೆದರೆ?

ಪೇಂಟರ್ ಅಂಗೈಯಷ್ಟು ಜಾಗಕ್ಕೆ ಆ ಬಣ್ಣ ಹಚ್ಚಿ ತೋರಿಸಿದರು. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೀಲಿ. ರಾತ್ರಿ ಹಳದಿ ಬಲ್ಬ್ ಹಾಕಿದರೆ ಹಸಿರಿನ ಕಡೆ ವಾಲುತ್ತದೆ. “ಇದು ಫಿರೋಜಿ ಅದರೀ, ಆಸ್ಮಾನಿ ಬ್ಯಾರೆ” ಅಂದು ಬ್ರಶ್ ತೊಳೆಯಲು ಹೋದರು.

ಆಸ್ಮಾನಿ ಅಂದರೆ ಆಕಾಶನೀಲಿ. ಫಿರೋಜಿ ನಮ್ಮ ಕಡೆ ಉರ್ದುವಿನಿಂದ ಬಂದ ಪದ. ಮೂಲ ಪಾರಸಿಯ ಫಿರೋಜಾ, ಅದು ಒಂದು ರತ್ನದ ಹೆಸರು. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಬಣ್ಣದ ಬಿಲ್ಲೆಗಳನ್ನು ನೋಡಿದವರಿಗೆ ಈ ಜಾತಿಯ ಬಣ್ಣ ಹೊಸದಲ್ಲ. ನೋಡಿದರೆ ‘ನೀಲಿ’ ಕೂಡ ಸಂಸ್ಕೃತದಿಂದ ಬಂದದ್ದೇ. ‘ಹಸಿರು’ ಮಾತ್ರ ನಮ್ಮದು. ಹಳಗನ್ನಡದ ಪಸುರ್, ನಮ್ಮ ಹಸಿ ಕಾಯಿ, ಹಸಿ ಕಟ್ಟಿಗೆ ಎಲ್ಲ ಒಂದೇ ಬಳ್ಳಿಯವು. ಅವ್ವನ ಕಾಲಕ್ಕೆ ಈ ಗೊಂದಲವೇ ಇರಲಿಲ್ಲ. ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದರು, ಅದೂ ಗೋಡೆ ಇನ್ನೂ ಬೆಳ್ಳಗೆ ಕಾಣಲಿ ಅಂತ!

ಸೀರೆ ಅಂಗಡಿಯವರು ಜಾಣರು. ಇದೇ ಆಸುಪಾಸಿನ ಬಣ್ಣಗಳನ್ನು ‘ರಾಮಾ ಗ್ರೀನ್’, ‘ಆನಂದ ಬ್ಲೂ’ ಅಂತ ಹಂಚಿಬಿಟ್ಟಿದ್ದಾರೆ. ಆದರೆ ಗೋಡೆಗೆ ಆ ಹೆಸರು ಹೇಳಿದರೆ ಪೇಂಟರ್ ನಗುತ್ತಾರೆ.

ನನ್ನ ಒಲವು ಫಿರೋಜಿಯ ಕಡೆಗೇ. ಒಂದೇ ಪದ, ಹಿಂದುಮುಂದು ಮಾಡುವ ಹಾಗಿಲ್ಲ. ಆದರೆ ಮೈಸೂರು, ಮಂಗಳೂರು ಕಡೆಯವರಿಗೆ ಇದು ತಿಳಿಯುತ್ತದೆಯೇ? ನಿಮ್ಮಲ್ಲಿ ಇದಕ್ಕೆ ಏನಂತಾರೆ? ಸುಮ್ನೆ ‘ನವಿಲುಬಣ್ಣ’ ಅನ್ನಬೇಡಿ. ಅದರ ಕತ್ತು ನೀಲಿ, ಗರಿ ಹಸಿರು. ಜಗಳ ಮತ್ತೆ ಮೊದಲಿಂದ ಶುರುವಾಗುತ್ತದೆ.