ಬೇಸಿಗೆಯ ಎರಡು ತಿಂಗಳು: ಮೊದಲು ಆಪರೇಷನ್ ಥಿಯೇಟರೋ, ಪ್ರಯೋಗಾಲಯವೋ?

ಪ್ರಶ್ನೆ (ಕುಮಟಾದ ವಿದ್ಯಾರ್ಥಿ):
ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಈ ಬೇಸಿಗೆಯಲ್ಲಿ ಒಂದು ತಿಂಗಳು ಕಾರವಾರದ ಆಸ್ಪತ್ರೆಯೊಂದರಲ್ಲಿ ಎಲುಬು-ಕೀಲು ಶಸ್ತ್ರಚಿಕಿತ್ಸೆಗಳನ್ನು ನೋಡಲು, ಇನ್ನೊಂದು ತಿಂಗಳು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ಅನುಮತಿ ಸಿಕ್ಕಿದೆ. ಅಡಿಕೆ ಮರದಿಂದ ಬಿದ್ದ ನಮ್ಮ ಸೋದರಮಾವನ ತೊಡೆಯೊಳಗಿನ ರಾಡನ್ನು ಎಕ್ಸ್‌ರೇಯಲ್ಲಿ ನೋಡಿದಂದಿನಿಂದ ನನಗೆ ಈ ಆಸಕ್ತಿ. ಯಾವುದು ಮೊದಲು ಎಂಬುದನ್ನು ನನಗೇ ಬಿಟ್ಟಿದ್ದಾರೆ. ಪ್ರಯೋಗಾಲಯದವರು ವಿಷಯವನ್ನು ಈಗಲೇ ಕೇಳುತ್ತಿದ್ದು, ‘ಟೈಟಾನಿಯಂ ಮೇಲಿನ ಲೇಪನ’ (ಇಂಥ ರಾಡ್‌ಗಳನ್ನು ಮಾಡಲು ಬಳಸುವ ಲೋಹ ಅದು) ಎಂದು ಬರೆಯಬೇಕೆಂದಿದ್ದೇನೆ. ಇದು ಸರಿಯೇ?

ಉತ್ತರ 1 (ಶಿರಸಿ ಮೂಲದ ಸಂಶೋಧಕ):
ದಯವಿಟ್ಟು ವಿಷಯವನ್ನು ಈಗಲೇ ಗಟ್ಟಿ ಮಾಡಿಕೊಳ್ಳಬೇಡಿ. ಮೊದಲು ಥಿಯೇಟರಿನಲ್ಲಿ ನಿಂತು ನೋಡಿ. ಮುರಿದ ಎಲುಬನ್ನು ಹಿಡಿದಿಡುವ ಲೋಹದ ಪ್ಲೇಟ್ ಕೂರಿಸುವಾಗ 4.5 ಮಿ.ಮೀ. ಸ್ಕ್ರೂಗೆ 3.2 ಮಿ.ಮೀ. ಡ್ರಿಲ್ ಬಿಟ್‌ನಿಂದ ತೂತು ಕೊರೆಯುತ್ತಾರೆ. ಕೊರೆಯುತ್ತಿರುವಷ್ಟು ಹೊತ್ತೂ ಪಕ್ಕದಲ್ಲಿ ನಿಂತವರು ಸಿರಿಂಜಿನಿಂದ ಸಲೈನ್ ಬಿಡುತ್ತಿರುತ್ತಾರೆ. ನಾನು ವಿದ್ಯಾರ್ಥಿಯಾಗಿದ್ದಾಗ ಅದು ಬರೀ ರಕ್ತ ತೊಳೆಯಲು ಎಂದುಕೊಂಡಿದ್ದೆ; ಎಲುಬನ್ನು ತಂಪಾಗಿಡಲೂ ಅದು ಬೇಕು. ಎಲುಬಿನ ಉಷ್ಣತೆ 47 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದು ನಿಮಿಷ ಹಾಗೆಯೇ ಉಳಿದರೆ ಆ ಜಾಗದ ಎಲುಬಿಗೆ ಹಾನಿಯಾಗುತ್ತದೆ, ಮುಂದೆ ಸ್ಕ್ರೂ ಸಡಿಲವಾಗಬಹುದು ಎಂಬುದು ಆಮೇಲೆ ತಿಳಿಯಿತು. ಹಾಗಾದರೆ ಮತ್ತೆ ಮತ್ತೆ ಬಳಸಿ ಮೊಂಡಾದ ಬಿಟ್ ಎಷ್ಟು ಬಿಸಿಯಾಗುತ್ತದೆ? ನನ್ನ ಪ್ರಯೋಗ ಹುಟ್ಟಿದ್ದು ಅಲ್ಲಿಂದ. ಬೇಕಾದದ್ದು ಒಂದು ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಮತ್ತು ಮಾಂಸದಂಗಡಿಯಿಂದ ತಂದ ಎಲುಬು, ಅಷ್ಟೆ.

ಒಂದು ಪೆಟ್ಟು ತಿಂದ ಮಾತನ್ನೂ ಹೇಳಿಬಿಡುತ್ತೇನೆ. ಒಂದು ಸಂಜೆ ಎಲುಬಿನ ತುಂಡುಗಳನ್ನು ಮೇಜಿನ ಮೇಲೆಯೇ ಮರೆತು ಹೋದೆ. ಒಣಗಿದ ಎಲುಬು ಹಸಿ ಎಲುಬಿಗಿಂತ ಗಡಸಾಗುತ್ತದೆ, ಸುಲಭವಾಗಿ ಬಿರುಕು ಬಿಡುವಂತೆಯೂ ಆಗುತ್ತದೆ. ಹಾಗಾಗಿ ಎರಡು ವಾರದ ಲೆಕ್ಕ ನೀರು ಪಾಲಾಯಿತು. ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಇಡಿ.

ಉತ್ತರ 2 (ಕಾರವಾರದ ಓದುಗರು):
ನನ್ನ ಅಭಿಪ್ರಾಯ ಬೇರೆ. ಎಲುಬು ಮುರಿಯುವ ಬಗೆಯೇ ಗೊತ್ತಿಲ್ಲದವರಿಗೆ ಥಿಯೇಟರಿನಲ್ಲಿ ಕಾಣುವುದು ಸುತ್ತಿಗೆ ಮತ್ತು ಡ್ರಿಲ್ ಮಾತ್ರ. ಎರಡು ವಾರವಾದರೂ ಮೊದಲು ಓದಿಕೊಂಡು ಹೋಗಲಿ.

ಉತ್ತರ 3 (ಹೊನ್ನಾವರದ ಎಲುಬು-ಕೀಲು ತಜ್ಞ):
ಓದನ್ನು ಮನೆಯಲ್ಲಿ ಮಾಡಬಹುದು. ರೋಗಿಗಳು ಬರುವ ಕಾಲವನ್ನು ನಾವು ನಿಗದಿ ಮಾಡಲಾಗುವುದಿಲ್ಲ. ಘಟ್ಟದ ಮೇಲೆ ಮಳೆಯ ಆರಂಭಕ್ಕೆ ಅಡಿಕೆಯ ಕೊಳೆ ರೋಗದ ಮದ್ದು ಹೊಡೆಯಲು ಮರ ಹತ್ತುತ್ತಾರೆ. ಕಾಲೂರಿ ಬಿದ್ದವರಲ್ಲಿ ಹಿಮ್ಮಡಿಯ ಎಲುಬು ಒಡೆದಿದ್ದರೆ ನಾವು ಬೆನ್ನನ್ನೂ ತಪ್ಪದೆ ಪರೀಕ್ಷಿಸುತ್ತೇವೆ, ಏಕೆಂದರೆ ಅದೇ ಪೆಟ್ಟು ಬೆನ್ನುಹುರಿಯ ಸುತ್ತಲಿನ ಎಲುಬಿಗೂ ತಲುಪಿರಬಹುದು. ಆದ್ದರಿಂದ ಆಸ್ಪತ್ರೆಯ ತಿಂಗಳನ್ನು ಜೂನ್ ಮಧ್ಯದವರೆಗೆ ಎಳೆಯಿರಿ. ಥಿಯೇಟರಿನಷ್ಟೇ ಹೊತ್ತು ಹೊರರೋಗಿ ವಿಭಾಗದಲ್ಲಿಯೂ ಕುಳಿತುಕೊಳ್ಳಿ. ಆರು ವಾರದ ನಂತರ ಕೋಲೂರಿಕೊಂಡು ಬರುವವರು ಸ್ಕ್ರೂ ಹಿಡಿದಿದೆಯೋ ಇಲ್ಲವೋ ಎಂಬುದನ್ನು ತೋರಿಸುತ್ತಾರೆ.

ಬೆಳಿಗ್ಗೆ ತಿಂಡಿ ತಿಂದೇ ಒಳಗೆ ಬನ್ನಿ, ಮೊದಲ ದಿನ ತಲೆ ಸುತ್ತಿ ಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ. ಹಸಿರು ಬಟ್ಟೆ ಹೊದಿಸಿದ ಯಾವುದನ್ನೂ ಮುಟ್ಟಬೇಡಿ. ಸಿ-ಆರ್ಮ್ ಎಕ್ಸ್‌ರೇ (ಶಸ್ತ್ರಚಿಕಿತ್ಸೆಯ ನಡುವೆಯೇ ಎಲುಬನ್ನು ತೋರಿಸುವ ಯಂತ್ರ) ಬಳಸುವಾಗ ಸೀಸದ ಏಪ್ರನ್ ಧರಿಸಿ, ಕೈಗಾ ಅಣುಸ್ಥಾವರದಲ್ಲಿ ಕೆಲಸ ಮಾಡುವವರು ಧರಿಸುವಂತಹ ವಿಕಿರಣ ಅಳೆಯುವ ಬ್ಯಾಜನ್ನೂ ಕೇಳಿ ಪಡೆಯಿರಿ. ರೋಗಿಯ ಫೋಟೋ ತೆಗೆಯುವಂತಿಲ್ಲ. ಅವರ ಮಾಹಿತಿ ಸಂಶೋಧನೆಗೆ ಬೇಕಿದ್ದರೆ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು, ಮತ್ತು ಅದಕ್ಕೆ ಸಮಯ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಕಾರವಾರ, ಆನಂತರ ಬೆಂಗಳೂರು ಎಂದು ನಿರ್ಧರಿಸಿದ್ದೇನೆ. ವಿಷಯವನ್ನು ಜೂನ್ ಮೊದಲ ವಾರದಲ್ಲಿ ತಿಳಿಸುವುದಾಗಿ ಮಾರ್ಗದರ್ಶಕರಿಗೆ ಇವತ್ತೇ ಪತ್ರ ಬರೆದೆ. ಒಪ್ಪುತ್ತಾರೋ ನೋಡಬೇಕು. ಅಷ್ಟರೊಳಗೆ ಮಾವನ ಹಳೆಯ ಎಕ್ಸ್‌ರೇಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಳ್ಳುತ್ತೇನೆ.