ಶಾಮಣ್ಣ ತಿಂದ ಅಲಂಕಾರ

"ತಿಂದದ್ದು ತಿಂದಾಯಿತು. ಈಗ ಏನು ಮಾಡಬೇಕು, ಹೇಳಿ" ಎಂದ ಶಾಮಣ್ಣ, ಹಲ್ಲಿಗೆ ಸಿಕ್ಕಿಕೊಂಡ ನಾರನ್ನು ಎಳೆಯುತ್ತ.

ಫೆಲಿಕ್ಸ್‌ನ ಕ್ರಿಸ್‌ಮಸ್ ಮರದಲ್ಲಿ ದಾರವೊಂದು ಬೋಳಾಗಿ ತೂಗುತ್ತಿತ್ತು.

"ಅದು ತಿನ್ನುವುದಲ್ಲ ಶಾಮಣ್ಣ, ಅಲಂಕಾರ" ಎಂದಳು ಕಾರ್ಮಿನ್. "ಒಣಗಿಸಿದ ಕಿತ್ತಳೆ. ಹನ್ನೆರಡು ಬಿಲ್ಲೆಗೆ ಆರುನೂರು ರೂಪಾಯಿ. ಈ ವರ್ಷ ನಮ್ಮ ಮರದ ಥೀಮ್ ಪ್ರಕೃತಿ."

"ಕಳೆದ ವರ್ಷ?"

"ಬಿಳಿ ಮತ್ತು ಬೆಳ್ಳಿ. ಅದಕ್ಕೂ ಹಿಂದೆ ನೀಲಿ. ಎಲ್ಲ ಅಟ್ಟದ ಮೇಲಿವೆ."

"ಬಿಲ್ಲೆಗೆ ಐವತ್ತು ರೂಪಾಯಿ ಬಿತ್ತು" ಎಂದ ಗುಂಡೂರಾಯ. ಲೆಕ್ಕ ಕೇಳದಿದ್ದರೂ ಹೇಳುವವನು.

"ನಾನು ಪಾಲಿಸಿದ್ದು ಸಂಪ್ರದಾಯವಪ್ಪ" ಎಂದ ಶಾಮಣ್ಣ. "1605ರಲ್ಲಿ ಯೂರೋಪಿನ ಸ್ಟ್ರಾಸ್‌ಬರ್ಗ್ ಊರಿನ ಜನ ಮನೆಯೊಳಗೆ ಮರ ನಿಲ್ಲಿಸಿ ಸೇಬು, ವೇಫರ್, ಸಕ್ಕರೆ ಮಿಠಾಯಿ ಕಟ್ಟುತ್ತಿದ್ದರೆಂದು ಒಬ್ಬ ಬರೆದಿಟ್ಟಿದ್ದಾನೆ. ಕಾಗದದ ಗುಲಾಬಿ, ಚಿನ್ನದ ರೇಕು ಬಿಟ್ಟರೆ ಮಿಕ್ಕದ್ದೆಲ್ಲ ತಿನ್ನುವುದೇ. ಸ್ವೀಡನ್ನಿನಲ್ಲಂತೂ ಜನವರಿ 13ಕ್ಕೆ ಮಕ್ಕಳು ಮರವನ್ನೇ ಕೊಳ್ಳೆ ಹೊಡೆಯುತ್ತಾರೆ. ನಾನು ಸ್ವಲ್ಪ ಬೇಗ ಬಂದೆ, ಅಷ್ಟೆ."

"ಸೇಬೇ ಏಕೆ?" ಎಂದ ವಿಶ್ವ.

"ಡಿಸೆಂಬರ್ 24 ಆದಾಮ, ಏವರ ದಿನ. ಜರ್ಮನಿಯಲ್ಲಿ ಅವರ ಕಥೆಯನ್ನು ನಾಟಕವಾಡುವಾಗ ರಂಗದ ಮೇಲೆ ಸೇಬು ಕಟ್ಟಿದ ಮರವಿರುತ್ತಿತ್ತು. ಅದೇ ಮುಂದೆ ಮನೆಗೆ ಬಂದಿತೆನ್ನುತ್ತಾರೆ. ಅಲ್ಲೂ ಮರದಿಂದ ಕಿತ್ತು ತಿಂದದ್ದಕ್ಕೇ ರಗಳೆ. ಆದರೆ ಅವರಿಗೆ ಯಾರೂ ಅಂಗಡಿಯ ಬಿಲ್ ತೋರಿಸಲಿಲ್ಲ."

"ಗಾಜಿನ ಗುಂಡುಗಳೂ ಹಳೆಯವೇ ಅಲ್ಲವೇ?" ಕಾರ್ಮಿನ್ ಬಿಡಲಿಲ್ಲ.

"ಜರ್ಮನಿಯ ತುರಿಂಗಿಯಾದ ಲೌಷಾ ಎಂಬ ಊರಿನವು. 1847ರಲ್ಲಿ ಗಾಜು ಊದುವ ಬಡವನೊಬ್ಬ ಸೇಬು, ಅಕ್ರೋಟು ಕೊಳ್ಳಲು ಕಾಸಿಲ್ಲದೆ ಗಾಜಿನಲ್ಲೇ ಊದಿಕೊಂಡನೆಂದು ಆ ಊರಿನ ಕಥೆ. 1880ರ ದಶಕದಲ್ಲಿ ವುಲ್‌ವರ್ತ್ ಎಂಬ ಅಂಗಡಿಕಾರ ಅಮೆರಿಕದಲ್ಲಿ ಮಾರಿ ದುಡ್ಡು ಮಾಡಿದ. ಹಣ್ಣು ಕೊಳ್ಳಲಾಗದವನು ಗಾಜು ಕಟ್ಟಿದ. ಗಾಜು ಬೇಸರವಾದವರು ಈಗ ಹಣ್ಣು ಕಟ್ಟುತ್ತಿದ್ದೀರಿ, ಅದೂ ಗಾಜಿನ ದರದಲ್ಲಿ!"

"ನಮ್ಮ ಮನೆಯಲ್ಲಿ ಪಟ್ಟದ ಗೊಂಬೆಗಳ ರಾಣಿಯ ಮೂಗು ಮುರಿದು ನಲವತ್ತು ವರ್ಷವಾಯಿತು" ಎಂದ ಗುಂಡೂರಾಯ. "ದಸರೆಗೆ ಈಗಲೂ ಕೂರಿಸುತ್ತೇವೆ. ಮುಖವನ್ನು ಸ್ವಲ್ಪ ಗೋಡೆಯ ಕಡೆಗೆ ತಿರುಗಿಸಿ."

"ನೋಡಮ್ಮ, ಥೀಮ್ ಇಟ್ಟಿದ್ದರೆ ಆ ರಾಣಿ ಅಟ್ಟದಲ್ಲೇ ಕೊಳೆಯಬೇಕಿತ್ತು! ನೀಲಿ, ಬೆಳ್ಳಿ ಎಲ್ಲ ಇಳಿಸು. ಚನ್ನಪಟ್ಟಣದ ಬುಗುರಿಗೂ ಒಂದು ದಾರ ಕಟ್ಟು. ಉಳಿದ ಗುಂಡುಗಳನ್ನು ಬೋಗುಣಿಗೆ ತುಂಬಿ, ನಡುವೆ ದೀಪದ ಸರ ಬಿಡು. ಏ ಫೆಲಿಕ್ಸ್, ಹತ್ತಯ್ಯ ಅಟ್ಟಕ್ಕೆ."

ಫೆಲಿಕ್ಸ್ ಸ್ಟೂಲು ಹತ್ತಿದ. ಬಹಳ ಹೊತ್ತು ಇಳಿಯಲಿಲ್ಲ. ಇಳಿದಾಗ ಕೈಯಲ್ಲಿ ಬೆಳ್ಳಿಯ ಗುಂಡುಗಳಿರಲಿಲ್ಲ. ಬಿದಿರು ಕಡ್ಡಿಗಳ ಐದು ಮೂಲೆಯ ನಕ್ಷತ್ರದ ಚೌಕಟ್ಟಿತ್ತು. ಒಂದು ಮೂಲೆಯಲ್ಲಿ ಕೆಂಪು ಕಾಗದದ ಚೂರು ಅಂಟಿಕೊಂಡಿತ್ತು.

"ಮಂಗಳೂರಿನ ಮನೆಯದು. ಅಪ್ಪ ಮೈದಾ ಅಂಟು ಕಾಯಿಸಿ ಕಾಗದ ಹಚ್ಚುತ್ತಿದ್ದರು. ಮಳೆಗಾಲದಲ್ಲಿ ಜಿರಳೆ ತಿಂದುಬಿಡುತ್ತಿತ್ತು. ಡಿಸೆಂಬರಿನಲ್ಲಿ ಅಪ್ಪ ಬೈದುಕೊಂಡು ಮತ್ತೆ ಹಚ್ಚುತ್ತಿದ್ದರು."

ಗುಂಡೂರಾಯ ಕೂಡ ಎಷ್ಟು ವರ್ಷವಾಯಿತೆಂದು ಲೆಕ್ಕ ಕೇಳಲಿಲ್ಲ.

ಶಾಮಣ್ಣ ಗಂಟಲು ಸರಿಮಾಡಿಕೊಂಡ. "ಕಾರ್ಮಿನ್, ಮನೆಯಲ್ಲಿ ಮೈದಾ ಇದೆಯೇನಮ್ಮ?"

"ಇದೆ" ಎಂದಳು ಅವಳು ಅಡುಗೆಮನೆಗೆ ನಡೆಯುತ್ತ. "ಆದರೆ ಅಂಟು ಕಾಯಿಸುವಾಗ ನೀವು ಒಲೆಯ ಹತ್ತಿರ ಬರಬಾರದು."